ಪೆನೆಲೊಪಿ ಗಂಡನನ್ನು ಕೂಡಲೇ ಏಕೆ ಒಪ್ಪಲಿಲ್ಲ?

ಗ್ರೀಕ್ ಕವಿ ಹೋಮರನ ‘ಒಡಿಸ್ಸಿ’ ಕಾವ್ಯದಲ್ಲಿ ಇಥಾಕಾ ದ್ವೀಪದ ಅರಸ ಒಡಿಸ್ಸಿಯಸ್ ಮರಳಿ ಬಂದರೂ ಹೆಂಡತಿ ಪೆನೆಲೊಪಿ ದೂರವೇ ಕುಳಿತಳಲ್ಲ, ಅವಳದು ಕಲ್ಲುಮನಸ್ಸೇ ಎಂದು ಕೇಳಿದ್ದೀರಿ. ಖಂಡಿತ ಅಲ್ಲ. ಟ್ರಾಯ್ ಯುದ್ಧಕ್ಕೆ 10 ವರ್ಷ, ಮರಳುವ ದಾರಿಯಲ್ಲಿ ಇನ್ನೂ 10. ಅಷ್ಟರಲ್ಲಿ ಅವಳ ಕೈಹಿಡಿಯಲು 108 ಮಂದಿ ಮನೆಯಲ್ಲೇ ಬೀಡುಬಿಟ್ಟಿದ್ದರು. ಯಾರಾದರೂ ಮಾತಿನಲ್ಲಿ ಮರುಳು ಮಾಡಿಯಾರೆಂಬ ಭಯ ಅವಳಿಗೆ ಇದ್ದೇ ಇತ್ತು. ಹಾಗಾಗಿ ಒಂದು ಪರೀಕ್ಷೆ ಒಡ್ಡುತ್ತಾಳೆ: ‘ಆ ಮಂಚವನ್ನು ಕೋಣೆಯ ಹೊರಗೆ ಹಾಕಿಕೊಡು’ ಎಂದು ಮುದುಕಿ ದಾಸಿಗೆ ಹೇಳುತ್ತಾಳೆ. ಒಡಿಸ್ಸಿಯಸ್ ಸಿಡಿದೇಳುತ್ತಾನೆ. ನೆಲದಲ್ಲಿ ಬೇರೂರಿದ ಆಲಿವ್ ಮರದ ಬೊಡ್ಡೆಯನ್ನೇ ಕಾಲಾಗಿ ಕೆತ್ತಿ ಅವನೇ ಮಾಡಿದ ಮಂಚವದು, ಕದಲಿಸುವುದು ಹೇಗೆ? ಈ ಗುಟ್ಟು ಹೊರಗಿನವರಿಗೆ ಗೊತ್ತಿರಲಿಲ್ಲ. ಕೇಳಿದ್ದೇ ತಡ, ಅವಳ ಮೊಣಕಾಲು ಕುಸಿಯುತ್ತದೆ. ಅಳುತ್ತ ಓಡಿಬಂದು ಅವನ ಕೊರಳು ತಬ್ಬುತ್ತಾಳೆ. ಹೋಮರನ ಕಾವ್ಯದ 23ನೆಯ ಭಾಗದಲ್ಲಿದೆ, ದಯವಿಟ್ಟು ಓದಿ.