ಹೊಸ ಮನೆಗೆ ಹಳೇ ಮಾದರಿಯ ಸೋಫಾ: ಯಾವ ಬಣ್ಣ ಒಪ್ಪುತ್ತದೆ?

ಪ್ರಶ್ನೆ: ಚಿಕ್ಕಬಳ್ಳಾಪುರದಲ್ಲಿ ಈಗಷ್ಟೇ ಗೃಹಪ್ರವೇಶ ಮಾಡಿದ್ದೇವೆ. ಹಾಲ್ 12 ಅಡಿಗೆ 16 ಅಡಿ. ಬಿಳಿ ಗೋಡೆ, ಐವರಿ ಬಣ್ಣದ ಹೊಳೆಯುವ ಟೈಲ್ಸ್, ಬೂದು ಬಣ್ಣದ ಟಿವಿ ಯೂನಿಟ್. ದೊಡ್ಡ ಕಿಟಕಿ ಪಶ್ಚಿಮಕ್ಕಿದೆ. ನನಗೆ ಬಟನ್ ಹೊಡೆದ ಚೆಸ್ಟರ್‌ಫೀಲ್ಡ್ ಸೋಫಾ ಮಾಡಿಸುವ ಆಸೆ. ಅತ್ತೆಗೆ ಮೆರೂನ್ ಬೇಕು, ಮಗ ಬೂದು ಅನ್ನುತ್ತಾನೆ, ಅಂಗಡಿಯವರು ಕ್ರೀಮ್ ವೆಲ್ವೆಟ್ ತೋರಿಸುತ್ತಿದ್ದಾರೆ. ಯಾವುದು ಸರಿ?

ಉತ್ತರ: ಕ್ರೀಮ್ ವೆಲ್ವೆಟ್ ಬೇಡ. ನೋಡೋಕೆ ಚೆಂದ, ನಿಜ. ಆದರೆ ನಿಮ್ಮೂರಿನದು ಕೆಂಪು ಮಣ್ಣು. ಬೇಸಿಗೆಯ ಗಾಳಿಗೆ ಆ ಧೂಳು ಕಿಟಕಿ ಮುಚ್ಚಿದ್ದರೂ ಒಳಗೆ ಬರುತ್ತದೆ. ಚೆಸ್ಟರ್‌ಫೀಲ್ಡ್‌ನ ಬೆನ್ನಿನಲ್ಲಿ ಒಂದೊಂದು ಬಟನ್ನಿಗೂ ಒಂದು ಗುಳಿ, ಗುಳಿಯಿಂದ ಗುಳಿಗೆ ಮಡಿಕೆ. ಧೂಳು ಕೂರುವುದು ಅಲ್ಲೇ. ಬಟ್ಟೆಯಲ್ಲಿ ಒರೆಸಿದರೆ ಇನ್ನೂ ಒಳಗೆ ಹೋಗುತ್ತದೆ. ಕ್ರೀಮ್ ಮೇಲೆ ಸ್ವಲ್ಪ ದಿನಕ್ಕೇ ಕೆಂಪು ಗೆರೆ ಎದ್ದು ಕಾಣುತ್ತದೆ. ಕಪ್ಪು, ನೇವಿ ಬ್ಲೂ ಕೂಡ ಧೂಳು ಮುಚ್ಚಿಡುವುದಿಲ್ಲ.

ಮಗ ಹೇಳುವ ಬೂದು ತಪ್ಪೇನಲ್ಲ. ಆದರೆ ಟಿವಿ ಯೂನಿಟ್ ಈಗಾಗಲೇ ಬೂದು, ಗೋಡೆ ಬಿಳಿ. ಸೋಫಾ ಕೂಡ ಬೂದಾದರೆ ಹಾಲ್ ಆಫೀಸಿನ ಹಾಗೆ ಕಾಣುತ್ತದೆ.

ಮೆರೂನ್ ವಿಷಯಕ್ಕೆ ಬರೋಣ. ಈ ಸೋಫಾದ ಆಕಾರವೇ ದೊಡ್ಡದು. ಬೆನ್ನಿನ ಎತ್ತರಕ್ಕೇ ಕೈಗಳು, ಅವೂ ಹೊರಕ್ಕೆ ಸುರುಳಿ ಸುತ್ತಿದವು. ಇಂಗ್ಲೆಂಡಿನ ಕ್ಲಬ್ಬುಗಳಲ್ಲಿ ಕಡುಗೆಂಪು ಚರ್ಮದಲ್ಲಿ ಒಪ್ಪುತ್ತಿತ್ತು, ಯಾಕೆಂದರೆ ಸುತ್ತಲೂ ಕಪ್ಪು ಮರದ ಗೋಡೆ ಇರುತ್ತಿತ್ತು. ನಿಮ್ಮ ಬಿಳಿ ಹಾಲಿನಲ್ಲಿ ಅದೊಂದೇ ಭಾರವಾಗಿ ಕಣ್ಣಿಗೆ ಹೊಡೆಯುತ್ತದೆ. ಅತ್ತೆಯವರ ಮಾತನ್ನು ತಳ್ಳಿಹಾಕಬೇಕಿಲ್ಲ. ಎರಡು ಕುಶನ್ ಮೆರೂನ್ ಇರಲಿ, ಚೆನ್ನಾಗಿಯೇ ಕಾಣುತ್ತದೆ.

ನಾನು ಹೇಳುವುದು ಹೊಸ ಹುಣಸೆಹಣ್ಣಿನಂಥ ಕಂದು. ಸ್ವಲ್ಪ ಕೆಂಪು ಬೆರೆತ, ತೀರಾ ಗಾಢವಲ್ಲದ ಬಣ್ಣ. ಐವರಿ ಟೈಲ್ಸ್‌ಗೆ ಹೊಂದುತ್ತದೆ, ಬೂದು ಯೂನಿಟ್ಟಿನ ತಣ್ಣನೆಯ ನೋಟ ಕಡಿಮೆ ಮಾಡುತ್ತದೆ, ಕೆಂಪು ಧೂಳು ಅಷ್ಟಾಗಿ ತೋರುವುದಿಲ್ಲ. ಆಕಾರಕ್ಕೇ ಅಷ್ಟು ಅಲಂಕಾರ ಇರುವಾಗ ಬಣ್ಣ ಮೆತ್ತಗಿದ್ದರೇ ಒಳ್ಳೆಯದು ಅಲ್ವಾ? ಕಂದು ಬೇಡವೇ ಬೇಡ ಅಂದರೆ ಮಂಕಾದ ಆಲಿವ್ ಹಸಿರು ನೋಡಿ.

ಬಟ್ಟೆ ಹೊಳಪಿಲ್ಲದ್ದು, ಒತ್ತಾದ ನೇಯ್ಗೆಯದು ಇರಲಿ. ವೆಲ್ವೆಟ್ಟೇ ಬೇಕೆಂದರೆ ಗಿಡ್ಡ ಕೂದಲಿನದು ತೆಗೆದುಕೊಳ್ಳಿ. ಅದರ ಮೇಲೆ ಕೈಯಾಡಿಸಿದ ಕಡೆಗೆ ಬಣ್ಣ ಬದಲಾದ ಹಾಗೆ ಕಾಣುತ್ತದೆ, ಅದು ದೋಷವಲ್ಲ. ಅಗ್ಗದ ರೆಕ್ಸಿನ್ ಮಾತ್ರ ಬೇಡ. ಬಿಸಿಲು, ಬೆವರಿಗೆ ಮಡಿಕೆಯಲ್ಲೇ ಮೊದಲು ಸಿಪ್ಪೆ ಏಳುತ್ತದೆ, ಈ ಸೋಫಾದಲ್ಲಿ ಇರುವುದೇ ಮಡಿಕೆ.

ಅಂಗಡಿಯ ದೀಪದಲ್ಲಿ ಬಣ್ಣ ತೀರ್ಮಾನಿಸಬೇಡಿ. ಪುಸ್ತಕದಲ್ಲಿ ಅಂಟಿಸಿದ ಚೂರು ಸಾಲದು, ಅರ್ಧ ಮೀಟರ್ ಕೊಂಡು ತನ್ನಿ. ಸೋಫಾ ಇಡುವ ಜಾಗದಲ್ಲೇ ಕುರ್ಚಿಯ ಮೇಲೆ ಹೊದಿಸಿ. ಬೆಳಿಗ್ಗೆ ಒಮ್ಮೆ, ಸಂಜೆ 4ರ ಬಿಸಿಲಲ್ಲಿ ಒಮ್ಮೆ, ರಾತ್ರಿ ದೀಪದಲ್ಲಿ ಒಮ್ಮೆ ನೋಡಿ. ಬಲ್ಬಿನ ಡಬ್ಬಿಯ ಮೇಲೆ 6500 ಕೆ ಎಂದಿದ್ದರೆ ಅದು ನೀಲಿ ಬೆರೆತ ಬಿಳಿ ಬೆಳಕು, ಕಂದು ಬಣ್ಣ ಅದರಲ್ಲಿ ಸಪ್ಪೆಯಾಗುತ್ತದೆ. ಹಾಲಿಗೆ 3000 ಕೆ, ಅಂದರೆ ಹಳದಿ ಬೆರೆತ ಬೆಳಕಿನ ಬಲ್ಬು, ಹಾಕಿಸಿದರೆ ಅದೇ ಬಟ್ಟೆ ಜೀವ ತುಂಬಿಕೊಳ್ಳುತ್ತದೆ. ಬಟ್ಟೆಗೆ ಸುಮ್ನೆ ಜಾಸ್ತಿ ದುಡ್ಡು ಹಾಕುವ ಮೊದಲು ಇದನ್ನು ಮಾಡಿ.

ಪಶ್ಚಿಮದ ಬಿಸಿಲು ಎಂಥ ಬಣ್ಣವನ್ನೂ ತಿನ್ನುತ್ತದೆ. ಆ ಕಿಟಕಿಗೆ ಲೈನಿಂಗ್ ಇರುವ ಪರದೆ ಬೇಕೇ ಬೇಕು.

ಬಟ್ಟೆ ಕೊಳ್ಳುವಾಗ ಸೋಫಾ ಕೆಲಸದವರನ್ನೇ ಕರೆದುಕೊಂಡು ಹೋಗಿ. ಬಟನ್ ಹೊಡೆಯುವಾಗ ಮಡಿಕೆಗೇ ತುಂಬಾ ಬಟ್ಟೆ ಹೋಗುತ್ತದೆ, ಅಳತೆ ಅವರಿಗೆ ಗೊತ್ತು. ಅವರು ಹೇಳಿದ್ದಕ್ಕಿಂತ ಒಂದು ಮೀಟರ್ ಜಾಸ್ತಿಯೇ ತೆಗೆದುಕೊಳ್ಳಿ, ಅದೂ ಒಂದೇ ತಾನಿನಿಂದ. ಆಮೇಲೆ ಸಾಲದೆ ಬಂದು ಇನ್ನೊಂದು ತಾನಿನಿಂದ ಕತ್ತರಿಸಿದರೆ ಬಣ್ಣ ಸ್ವಲ್ಪವಾದರೂ ಬೇರೆ ಬರುವ ಸಾಧ್ಯತೆ ಇದೆ.