ಕಣ್ಣಿನ ಪ್ರಶ್ನೆ: ಮಾವನ ಹನಿ ಮೈದುನನಿಗೆ ಹಾಕಬಹುದೇ?

ಪ್ರಶ್ನೆ: ಡಾಕ್ಟರ್ ಸರ್, ನಮ್ಮ ಮಾವನವರಿಗೆ 68 ವರ್ಷ. ಶುಗರ್ ಇದೆ. ಹೋದ ತಿಂಗಳು ಪೊರೆ ಆಪರೇಷನ್ ಆಯಿತು. ಬಾವು ಇಳಿಯಲು ಅಂತ ಎರಡು ಥರದ ಹನಿ ಕೊಟ್ಟಿದ್ದಾರೆ: ಪ್ರೆಡ್ನಿಸೋಲೋನ್ ಮತ್ತು ನೆಪಾಫೆನಾಕ್. ಎರಡನೆಯದು ಉರಿಯುತ್ತದೆ ಎಂದು ಮಾವ ಎಷ್ಟೋ ಸಲ ಹಾಕಿಸಿಕೊಳ್ಳುವುದೇ ಇಲ್ಲ. ಮೊನ್ನೆ ಕಬ್ಬು ಕಡಿಯುವಾಗ ಮೈದುನನ ಕಣ್ಣಿಗೆ ರವದಿ ಬಡಿಯಿತು. ಮಾವನ ಪ್ರೆಡ್ನಿಸೋಲೋನನ್ನೇ ಎರಡು ದಿನ ಹಾಕಿದೆವು. ಕೆಂಪು ಇಳಿದಿದೆ. ಆದರೆ ಬೆಳಕು ನೋಡಲು ಆಗುವುದಿಲ್ಲ ಅನ್ನುತ್ತಾನೆ. ಮುಂದುವರಿಸೋಣವೇ?
— ಓದುಗರು, ಮುಧೋಳ ತಾಲ್ಲೂಕು

ಉತ್ತರ: ತಂಗೀ, ಪತ್ರದ ಕೊನೆಗೆ ಫೋನ್ ನಂಬರ್ ಬರೆದದ್ದು ಒಳ್ಳೆಯದಾಯಿತು. ಓದಿದ ಕೂಡಲೇ ನಿಮಗೆ ಫೋನ್ ಮಾಡಿ, ಮೈದುನನ ಹನಿ ನಿಲ್ಲಿಸಿ, ಇವತ್ತೇ ಕಣ್ಣಿನ ಡಾಕ್ಟರಿಗೆ ತೋರಿಸಿ ಎಂದೆ. ಪತ್ರಿಕೆ ಅಚ್ಚಾಗಿ ಬರುವ ತನಕ ಕಾಯುವ ಮಾತಲ್ಲ ಅದು. ಇಲ್ಲಿ ಮತ್ತೆ ಬರೆಯುತ್ತಿರುವುದು ಉಳಿದವರಿಗಾಗಿ. ನಮ್ಮ ಬಾಗಲಕೋಟೆ ಸೀಮೆಯಲ್ಲಿ ಕಬ್ಬು ಕಡಿಯುವ ಹಂಗಾಮು ಬಂತೆಂದರೆ ಇಂಥ ಕಣ್ಣುಗಳು ನನ್ನ ಮುಂದೆ ಬಂದು ಕೂರುತ್ತಲೇ ಇರುತ್ತವೆ.

ಪ್ರೆಡ್ನಿಸೋಲೋನ್ ಒಂದು ಸ್ಟಿರಾಯ್ಡ್. ಗಾಯವಾದ ಕಡೆ ದೇಹ ಹೋರಾಡುತ್ತದೆ, ಅದಕ್ಕೇ ಕಣ್ಣು ಕೆಂಪಾಗುತ್ತದೆ. ಸ್ಟಿರಾಯ್ಡ್ ಆ ಹೋರಾಟವನ್ನು ಸುಮ್ಮನಾಗಿಸುತ್ತದೆ. ಕಳ್ಳ ಒಳಗೆ ಹೊಕ್ಕಿರುವಾಗ ನಾಯಿಯ ಬಾಯಿ ಕಟ್ಟಿದ ಹಾಗೆ. ರವದಿ, ಜೋಳದ ದಂಟು, ಮುಳ್ಳು ತಾಗಿದ ಗಾಯದಲ್ಲಿ ಬೂಷ್ಟು ಕೂರುವ ಭಯ ಇರುತ್ತದೆ. ಅಂಥ ಗಾಯಕ್ಕೆ ಸ್ಟಿರಾಯ್ಡ್ ಬಿದ್ದರೆ ಮೇಲೆ ಕೆಂಪು ಇಳಿಯಬಹುದು, ಒಳಗೆ ಕಪ್ಪುಗುಡ್ಡೆಯ ಮೇಲೆ ಹುಣ್ಣು ಬೆಳೆಯುತ್ತಿರಬಹುದು. ಹರ್ಪಿಸ್ ವೈರಸ್ಸಿನ ಹುಣ್ಣಿಗೂ ಇದೇ ಗತಿ. ಕೆಂಪು ಹೋಗಿ ಬೆಳಕು ಚುಚ್ಚುತ್ತಿದೆ ಎಂದರೆ ಅದು ವಾಸಿಯಾದ ಲಕ್ಷಣ ಅಲ್ಲವೇ ಅಲ್ಲ. ಡಾಕ್ಟರ್ ಒಂದು ಕಿತ್ತಳೆ ಬಣ್ಣದ ಪಟ್ಟಿ ಮುಟ್ಟಿಸಿ ನೀಲಿ ಬೆಳಕಿನಲ್ಲಿ ನೋಡುತ್ತಾರೆ. ಗಾಯ ಇದ್ದರೆ ಹಸಿರಾಗಿ ಹೊಳೆಯುತ್ತದೆ. ಬೇಕಾದರೆ ಸ್ವಲ್ಪ ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ.

ಮೆಡಿಕಲ್ ಅಂಗಡಿಯಲ್ಲಿ "ಕಣ್ಣು ಕೆಂಪಾಗಿದೆ" ಎಂದು ಕೇಳಿದರೆ ಚೀಟಿ ಇಲ್ಲದೆಯೂ ಸ್ಟಿರಾಯ್ಡ್ ಬೆರೆತ ಹನಿ ಕೈಗೆ ಬರುತ್ತದೆ. ನನಗೆ ಸಿಟ್ಟು ಬರುವುದು ಇಲ್ಲೇ.

ಇನ್ನು ಮಾವನವರ ವಿಷಯ. ನೆಪಾಫೆನಾಕ್ ಸ್ಟಿರಾಯ್ಡ್ ಅಲ್ಲ, ನೋವಿನ ಮಾತ್ರೆಗಳ ಬಳಗದ್ದು. ಹಾಕಿದಾಗ ಕೆಲವು ಸೆಕೆಂಡ್ ಉರಿದು ನಿಂತರೆ ಹೆದರಬೇಡಿ. ಶುಗರ್ ಇದ್ದವರಿಗೆ ಆಪರೇಷನ್ ಆದ ಮೇಲೆ ಕಣ್ಣಿನ ಹಿಂದಿನ ಪರದೆ ಬಾತುಕೊಳ್ಳುವ ಸಂಭವ ಜಾಸ್ತಿ. ಅದನ್ನು ತಡೆಯಲು ಈ ಹನಿ ಕೊಡುತ್ತಾರೆ. ಹಾಗಾಗಿ ಬೇಕೆಂದಾಗ ಹಾಕಿ, ಬೇಡವೆಂದಾಗ ಬಿಡುವುದು ಸರಿಯಲ್ಲ. ಆದರೆ ಶುಗರ್, ಒಣಗಣ್ಣು, ಕೀಲುವಾತ ಇದ್ದವರಲ್ಲಿ ಇದೇ ಹನಿ ಅಪರೂಪಕ್ಕೆ ಕಪ್ಪುಗುಡ್ಡೆಯನ್ನು ತೆಳುವಾಗಿಸುತ್ತದೆ. ಉರಿ ದಿನೇ ದಿನೇ ಹೆಚ್ಚಿದರೆ, ಮರಳು ಬಿದ್ದಂತಾದರೆ, ಮಂಜು ಮಂಜಾದರೆ ಅಂದೇ ತೋರಿಸಿ. ನೋವಿನ ಮಾತ್ರೆ ತಿಂದಾಗ ಎಂದಾದರೂ ಉಬ್ಬಸ ಬಂದಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ.

ಪ್ರೆಡ್ನಿಸೋಲೋನ್ ಮಾವನವರಿಗೆ ಬೇಕಾದದ್ದೇ. ಆದರೂ ಅದರ ಕಾಟ ಕಣ್ಣಿಗೆ ಕಾಣುವುದಿಲ್ಲ. ಕೆಲವರಿಗೆ ಎರಡು ವಾರ ದಾಟಿದ ಮೇಲೆ ಕಣ್ಣಿನೊಳಗಿನ ಒತ್ತಡ ಏರುತ್ತದೆ. ನೋವಿಲ್ಲ, ಏನೂ ಇಲ್ಲ. ಯಂತ್ರದಲ್ಲಿ ಅಳೆದಾಗಲೇ ಗೊತ್ತಾಗುವುದು. ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ಇದ್ದರೆ ಮೊದಲೇ ತಿಳಿಸಿ. ದಿನಕ್ಕೆ ಎಷ್ಟು ಸಲ ಹಾಕಬೇಕು ಎಂಬುದನ್ನು ಚೀಟಿಯಲ್ಲಿ ಬರೆದಂತೆ ವಾರವಾರ ಕಡಿಮೆ ಮಾಡುತ್ತಾ ಬನ್ನಿ. ಒಮ್ಮೆಲೇ ಬಿಟ್ಟರೆ ಬಾವು ತಿರುಗಿ ಬರಬಹುದು.

ನನ್ನದೇ ಒಂದು ತಪ್ಪು ಹೇಳುತ್ತೇನೆ. ನಮ್ಮಮ್ಮನ ಆಪರೇಷನ್ ಆದಾಗ ಒಂದು ವಾರ ನಾನೇ ಬಾಟಲಿ ಅಲುಗಾಡಿಸದೆ ಹಾಕಿದ್ದೆ. ಔಷಧಿಯೆಲ್ಲ ತಳದಲ್ಲಿ ಬೆಳ್ಳಗೆ ಕೂತಿತ್ತು. ಊರಿಗೆಲ್ಲ ಬುದ್ಧಿ ಹೇಳುವ ಡಾಕ್ಟರ್! ನಿಮ್ಮ ಎರಡೂ ಬಾಟಲಿ ಹಾಗೆಯೇ, ಚೆನ್ನಾಗಿ ಅಲುಗಾಡಿಸಿ ಹಾಕಿ. ಒಂದು ಸಲಕ್ಕೆ ಒಂದೇ ಹನಿ ಸಾಕು. ಎರಡನೆಯದು ಕೆನ್ನೆಗೇ ಇಳಿಯುತ್ತದೆ. ಒಂದು ಔಷಧಿಗೂ ಇನ್ನೊಂದಕ್ಕೂ 5 ನಿಮಿಷ ಬಿಡಿ. ಹಾಕಿದ ಮೇಲೆ ಕಣ್ಣು ಮುಚ್ಚಿಸಿ, ಮೂಗಿನ ಕಡೆಯ ಮೂಲೆಯನ್ನು ಒಂದು ನಿಮಿಷ ಮೆಲ್ಲಗೆ ಒತ್ತಿ ಹಿಡಿಯಿರಿ. ಬಾಟಲಿಯ ತುದಿ ರೆಪ್ಪೆಗೆ ತಾಗದಿರಲಿ.

ಮುಚ್ಚಳ ತೆರೆದ ದಿನವನ್ನು ಬಾಟಲಿಯ ಮೇಲೆ ಬರೆದಿಡಿ. ತಿಂಗಳಾದರೆ ಅರ್ಧ ಉಳಿದಿದ್ದರೂ ಎಸೆಯಿರಿ. ಮಾವನವರ ಇನ್ನೊಂದು ಕಣ್ಣಿನ ಆಪರೇಷನ್ನಿಗೆ ಬೇಕಾಗುತ್ತದೆ ಎಂದು ಎತ್ತಿಡಬೇಡಿ, ಆಗ ಹೊಸದೇ ಬೇಕು. ಆದರೆ ಮೈದುನನನ್ನು ತೋರಿಸಲು ಹೋಗುವಾಗ ಮಾತ್ರ ಅವನಿಗೆ ಹಾಕಿದ ಪ್ರೆಡ್ನಿಸೋಲೋನ್ ಬಾಟಲಿ ಜೊತೆಗಿರಲಿ. ಎಷ್ಟು ಸಲ ಹಾಕಿದಿರಿ ಎಂದು ಅಲ್ಲಿ ಕೇಳುತ್ತಾರೆ. ಬೈಯುತ್ತಾರೆಂದು ಮುಚ್ಚಿಡಬೇಡಿ.