ಮೊಲದ ಜತೆ ಕಾರಿನಲ್ಲಿ ದೂರದ ಊರಿಗೆ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮೇ ತಿಂಗಳಲ್ಲಿ ಮಂಗಳೂರಿನಲ್ಲಿ ನಾದಿನಿಯ ಮದುವೆ. ಮನೆಯಲ್ಲಿ ಎರಡು ವರ್ಷದ, ಸುಮಾರು ಎರಡು ಕೆ.ಜಿ. ತೂಗುವ ಮೊಲ ಇದೆ. ನೋಡಿಕೊಳ್ಳುವವರು ಯಾರೂ ಇಲ್ಲ, ಕಾರಿನಲ್ಲೇ ಕರೆದುಕೊಂಡು ಹೋಗಬೇಕು. ದಾರಿಯಲ್ಲಿ ವಾಂತಿ ಮಾಡಿಕೊಂಡೀತು, ಹಿಂದಿನ ರಾತ್ರಿಯಿಂದಲೇ ತಿನ್ನಲು ಕೊಡಬೇಡ ಅನ್ನುತ್ತಾರೆ ಅತ್ತೆ. ಮೆಡಿಕಲ್ ಶಾಪಿನವರು ನಿದ್ದೆ ಬರುವ ಮಾತ್ರೆ ಕಾಲು ಭಾಗ ಕೊಡಿ ಅಂದರು. ಯಾವುದು ಸರಿ?
— ಓದುಗರು, ಬಸವನಗುಡಿ

ಉತ್ತರ: ಎರಡೂ ಬೇಡ. ಮೊಲಕ್ಕೆ ವಾಂತಿ ಮಾಡಲು ಬರುವುದೇ ಇಲ್ಲ, ಅದರ ಹೊಟ್ಟೆಯ ಬಾಯಿ ಅಷ್ಟು ಬಿಗಿ. ಅತ್ತೆಯವರ ಮಾತು ನಾಯಿಗೆ ಸರಿ, ಮೊಲಕ್ಕೆ ತಿರುಗುಬಾಣ. ಮೊಲದ ಕರುಳು ಸದಾ ಹುಲ್ಲಿನ ನಾರು ಒಳಗೆ ಬರುತ್ತಿದ್ದರೆ ಮಾತ್ರ ಚಲಿಸುತ್ತದೆ. ಬರುವುದು ನಿಂತರೆ ಕರುಳು ನಿಧಾನವಾಗಿ ಗ್ಯಾಸ್ ತುಂಬಿಕೊಳ್ಳುತ್ತದೆ, ಗ್ಯಾಸಿನ ನೋವಿಗೆ ಮೊಲ ಇನ್ನಷ್ಟು ತಿನ್ನುವುದು ಬಿಡುತ್ತದೆ. ಪ್ರಯಾಣದಲ್ಲಿ ಮೊಲದ ಜೀವಕ್ಕೆ ಅಪಾಯ ತರುವುದು ಇದು, ಇಲ್ಲವೇ ಸೆಕೆ. ನಿದ್ದೆ ಮಾತ್ರೆ ಕೊಟ್ಟರೆ ತಿನ್ನುವುದೂ ನಿಲ್ಲುತ್ತದೆ, ಮೈಯ ಬಿಸಿ ಕಾಯ್ದುಕೊಳ್ಳುವ ಶಕ್ತಿಯೂ ಹೋಗುತ್ತದೆ. ವಿಪರೀತ ಗಾಬರಿಯ ಮೊಲವಾದರೆ ಮೊಲಗಳನ್ನು ನೋಡುವ ವೈದ್ಯರೇ ತೂಕ ನೋಡಿ ಔಷಧ ಬರೆಯಲಿ.

ಹೊರಡುವ ಹೊತ್ತಿನವರೆಗೂ ಹುಲ್ಲು ಮುಂದೆ ಇರಲಿ, ಬುಟ್ಟಿಯೊಳಗೂ ಒಂದು ಮೂಲೆಗೆ ಹಿಡಿ ತುಂಬ ಇರಲಿ. ಎರಡು ಕೆ.ಜಿ. ಮೊಲಕ್ಕೆ ದಿನಕ್ಕೆ ಸುಮಾರು 100 ಗ್ರಾಂ ಒಣಹುಲ್ಲು ಲೆಕ್ಕ ಹಾಕಿ, ಮದುವೆ ಮನೆಯ ದಿನಗಳಿಗೂ ಸೇರಿಸಿ ಇಲ್ಲಿಂದಲೇ ಒಯ್ಯಿರಿ. ಅಲ್ಲಿ ಹೋಗಿ ಸಿಕ್ಕ ಹುಲ್ಲು ಹಾಕಿದರೆ ಹೊಸ ರುಚಿ ಮುಟ್ಟದೆ ಕೂತೀತು. ಟಿಮೊಥಿ ಒಣಹುಲ್ಲಿನ ಜತೆಗೆ ಗಾಂಧಿ ಬಜಾರಿನಲ್ಲಿ ಗಣಪತಿಗೆಂದು ಮಾರುವ ಗರಿಕೆ ಕಟ್ಟೂ ಚೆನ್ನ. ಮೂರು ನೀರಿನಲ್ಲಿ ತೊಳೆದು, ಬಟ್ಟೆಯ ಮೇಲೆ ಹರಡಿ ಆರಿಸಿ ಕೊಡಿ. ಮೊದಲು ತಿಂದಿಲ್ಲದಿದ್ದರೆ ಹೊರಡುವ ವಾರದ ಮುಂಚೆ ನಾಲ್ಕು ಎಳೆಯಿಂದ ಶುರು ಮಾಡಿ. ಕೊತ್ತಂಬರಿ, ಪುದೀನ ಒದ್ದೆಯಾಗಿಯೇ ಕೊಟ್ಟರೆ ನೀರು ಕುಡಿಯದ ಮೊಲದ ಹೊಟ್ಟೆಗೂ ನೀರು ಸೇರುತ್ತದೆ. ಬಾಳೆಹಣ್ಣು, ಬಿಸ್ಕತ್ತು, ಮಂಡಕ್ಕಿ ಆ ದಿನ ಬೇಡವೇ ಬೇಡ. ಸಕ್ಕರೆ, ಪಿಷ್ಟ ಬೇಗ ಹುಳಿತು ಗ್ಯಾಸ್ ಆಗುತ್ತದೆ.

ಕುಡಿಯುವ ನೀರೂ ಮನೆಯದೇ ಇರಲಿ, ಎರಡು ಲೀಟರ್ ಸಾಕು. ಕಾವೇರಿ ನೀರು ಕುಡಿದು ಬೆಳೆದ ಮೊಲ ದಾರಿಯ ಬೋರ್‌ವೆಲ್ ನೀರಿಗೆ ಮೂಗು ತಿರುಗಿಸುವುದುಂಟು. ಓಡುವ ಕಾರಿನಲ್ಲಿ ಬಟ್ಟಲು ಚೆಲ್ಲುತ್ತದೆ, ನೇತುಹಾಕಿದ ಬಾಟಲಿ ತೊಟ್ಟಿಕ್ಕಿ ಮೊಲದ ಹೊಟ್ಟೆ ಒದ್ದೆಯಾಗುತ್ತದೆ. ಹಾಗಾಗಿ ಎರಡು ಗಂಟೆಗೊಮ್ಮೆ ನಿಲ್ಲಿಸಿದಾಗ ಭಾರದ ಬಟ್ಟಲಿನಲ್ಲಿ ನೀರಿಟ್ಟು ಹತ್ತು ನಿಮಿಷ ಸುಮ್ಮನೆ ಬಿಡಿ. ಕಾರು ಅಲುಗಾಡುವಾಗ ತಿನ್ನದ ಮೊಲ ಆ ಹತ್ತು ನಿಮಿಷದಲ್ಲಿ ತಿನ್ನುತ್ತದೆ. ಎಡೆಯೂರು, ಹಾಸನ, ಸಕಲೇಶಪುರ, ಉಪ್ಪಿನಂಗಡಿ, ಹೀಗೆ ನಾಲ್ಕು ಕಡೆ ನಿಂತರೆ ಮಂಗಳೂರಿನ ಸುಮಾರು 350 ಕಿ.ಮೀ. ಸಲೀಸು.

ಬೆಳಗ್ಗೆ ನಾಲ್ಕೂವರೆಗೆ ಹೊರಡಿ. ಮೊಲಕ್ಕೆ ಹಿತವಾದುದು 15ರಿಂದ 21 ಡಿಗ್ರಿ, 28 ದಾಟಿದರೆ ಕಷ್ಟ ಶುರು. ಅದು ನಮ್ಮಂತೆ ಬೆವರುವುದಿಲ್ಲ, ಮೈಯ ಬಿಸಿಯನ್ನು ಹೊರಹಾಕಲು ಕಿವಿಗಳೇ ದಾರಿ. ಸಕಲೇಶಪುರದವರೆಗೆ ಎಲ್ಲವೂ ತಂಪಾಗಿರುತ್ತದೆ, ಅಪಾಯ ಇರುವುದು ಶಿರಾಡಿ ಇಳಿದ ಮೇಲೆ. ಗುಂಡ್ಯ ದಾಟುತ್ತಿದ್ದಂತೆ ಕರಾವಳಿಯ ಸೆಕೆ ಬಂದು ಅಪ್ಪಳಿಸುತ್ತದೆ. ಘಾಟಿಯ ಗಾಳಿ ಚೆನ್ನಾಗಿದೆಯೆಂದು ಏಸಿ ಆರಿಸಿ ಕಿಟಕಿ ಇಳಿಸಿದವರು ಅದನ್ನು ಮತ್ತೆ ಹಾಕಲು ಮರೆಯುವುದು ಅಲ್ಲೇ. ಏಸಿ 22–24ರಲ್ಲಿರಲಿ, ಗಾಳಿ ನೇರವಾಗಿ ಬುಟ್ಟಿಗೆ ಹೊಡೆಯದಿರಲಿ.

ತಿಂಡಿಗೆ ನಿಲ್ಲಿಸಿದಾಗ ಎಲ್ಲರೂ ಒಟ್ಟಿಗೆ ಇಳಿಯಬೇಡಿ. ಹೊರಗೆ 24 ಡಿಗ್ರಿ ಇದ್ದರೂ ಬಿಸಿಲಲ್ಲಿ ಕಿಟಕಿ ಮುಚ್ಚಿದ ಕಾರಿನೊಳಗೆ ಅರ್ಧ ಗಂಟೆಯಲ್ಲಿ 40 ದಾಟುತ್ತದೆ. ಒಬ್ಬರು ಏಸಿ ಹಾಕಿಕೊಂಡು ಕೂತಿರಲಿ, ಇಡ್ಲಿ ಅವರಿಗೆ ಆಮೇಲೆ.

ಪ್ರಶ್ನೆ: ಎಂಥ ಬುಟ್ಟಿ ತೆಗೆದುಕೊಳ್ಳಬೇಕು? ರಟ್ಟಿನ ಪೆಟ್ಟಿಗೆಗೆ ತೂತು ಮಾಡಿದರೆ ಸಾಲದೇ?
— ಓದುಗರು, ಯಲಹಂಕ

ಉತ್ತರ: ರಟ್ಟು ಒಂದು ಗಂಟೆಗೆ ಸರಿ. ಆಮೇಲೆ ಉಚ್ಚೆಯಲ್ಲಿ ನೆಂದ ತಳವನ್ನು ಕಡಿದು ಮೊಲ ಹೊರಗೆ ಬರುತ್ತದೆ. ಬೆಕ್ಕಿಗೆಂದು ಮಾರುವ ಗಟ್ಟಿ ಪ್ಲಾಸ್ಟಿಕ್ ಕ್ಯಾರಿಯರ್, ಕಬ್ಬಿಣದ ಜಾಲರಿ ಬಾಗಿಲಿನದು, ಮೇಲಿನಿಂದಲೂ ತೆರೆಯುವಂಥದ್ದು ತೆಗೆದುಕೊಳ್ಳಿ. ಎರಡು ಕೆ.ಜಿ. ಮೊಲಕ್ಕೆ 45–50 ಸೆಂ.ಮೀ. ಉದ್ದ, 30 ಅಗಲ, 30 ಎತ್ತರ ಸಾಕು. ಮೈಚಾಚಿ ಮಲಗಬೇಕು, ಒಮ್ಮೆ ತಿರುಗಬೇಕು, ಅಷ್ಟೇ. ಇನ್ನೂ ದೊಡ್ಡದಾದರೆ ಬ್ರೇಕ್ ಹಾಕಿದಾಗೆಲ್ಲ ಒಳಗೇ ಉರುಳುತ್ತದೆ.

ಒಳಗೆ ಹಾಸುವುದರಲ್ಲೇ ಹೆಚ್ಚಿನವರು ತಪ್ಪುತ್ತಾರೆ. ಬರೀ ಪೇಪರ್ ಹಾಸಿದರೆ ಪಾದ ಜಾರುತ್ತದೆ. ಮೊಲದ ಅಂಗಾಲಿನಲ್ಲಿ ನಾಯಿಯಂತೆ ಮೆತ್ತೆ ಇಲ್ಲ, ಬರೀ ಕೂದಲು. ಆರು ಗಂಟೆ ಕಾಲು ಬಿಗಿಹಿಡಿದು ಕೂತ ಮೊಲ ಊರು ಮುಟ್ಟುವಾಗ ಸುಸ್ತಾಗಿ ತಿನ್ನುವುದಿಲ್ಲ. ತಳಕ್ಕೆ ಹಳೇ ಯೋಗ ಮ್ಯಾಟಿನ ತುಂಡು, ಅದರ ಮೇಲೆ ಎರಡು ಪದರ ಪೇಪರ್, ಎಲ್ಲಕ್ಕೂ ಮೇಲೆ ಹಳೇ ಟರ್ಕಿ ಟವೆಲ್. ಬದಲಾಯಿಸಲು ಇನ್ನೆರಡು ಟವೆಲ್ ಕೈಗೆ ಸಿಗುವಂತಿರಲಿ. ಟವೆಲ್ ಮೇಲೆ ಕಿತ್ತಳೆ, ಇಟ್ಟಿಗೆ ಬಣ್ಣದ ಕಲೆ ಕಂಡರೆ ರಕ್ತವೆಂದು ಹೆದರಬೇಡಿ, ತಿಂದ ಸೊಪ್ಪಿನಿಂದ ಮೊಲದ ಉಚ್ಚೆಗೆ ಆ ಬಣ್ಣ ಬರುವುದುಂಟು.

ಇಡುವ ಜಾಗ: ಮುಂದಿನ ಸೀಟಿನ ಹಿಂದೆ, ಕಾಲಿಡುವ ನೆಲದ ಮೇಲೆ, ಅಡ್ಡಲಾಗಿ. ಮುಂದಿನ ಸೀಟನ್ನು ಹಿಂದಕ್ಕೆ ಸರಿಸಿದರೆ ಬುಟ್ಟಿ ಅಲ್ಲಾಡದೆ ಸಿಕ್ಕಿಕೊಳ್ಳುತ್ತದೆ. ಮೊದಲು ಅರ್ಧ ಗಂಟೆ ಕಾರು ಓಡಿಸಿ ಆ ನೆಲಕ್ಕೆ ಅಂಗೈ ಇಟ್ಟು ನೋಡಿ, ಕೆಲವು ಕಾರುಗಳಲ್ಲಿ ಅಲ್ಲಿ ಬಿಸಿ ಏರುತ್ತದೆ. ಹಾಗಿದ್ದರೆ ಹಿಂದಿನ ಸೀಟಿನ ಮೇಲಿಟ್ಟು ಬೆಲ್ಟನ್ನು ಬುಟ್ಟಿಯ ಮೈಗೆ ಸುತ್ತಿ ಹಾಕಿ. ಬರೀ ಹಿಡಿಯೊಳಗೆ ತೂರಿಸಿದರೆ ಜೋರು ಬ್ರೇಕಿಗೆ ಹಿಡಿಯೇ ಕಿತ್ತು ಬರಬಹುದು. ಏರ್‌ಬ್ಯಾಗ್ ಇರುವ ಮುಂದಿನ ಸೀಟೂ ಬೇಡ, ಡಿಕ್ಕಿಯಂತೂ ಬೇಡವೇ ಬೇಡ.

ಪ್ರಶ್ನೆ: ನಮ್ಮ ಮಗಳು ತೊಡೆಯ ಮೇಲೆ ಕೂರಿಸಿಕೊಂಡರೆ ಮೊಲ ತೆಪ್ಪಗಿರುತ್ತದೆ. ಹಾಗೇ ಕರೆದೊಯ್ಯಬಹುದೇ?
— ಓದುಗರು, ವಿಜಯನಗರ

ಉತ್ತರ: ಬೇಡ. ಮೊಲದ ಹಿಂಗಾಲು ಬಲು ಗಟ್ಟಿ, ಬೆನ್ನುಮೂಳೆ ಹಗುರ. ಲಾರಿ ಹಾರ್ನಿಗೆ ಬೆಚ್ಚಿ ಒದ್ದಾಗ ಮಗು ಬಿಗಿಯಾಗಿ ಹಿಡಿದರೆ ಸೊಂಟದ ಹತ್ತಿರ ಮೂಳೆ ಮುರಿದು ಹಿಂಗಾಲು ಶಾಶ್ವತವಾಗಿ ಬಿದ್ದುಹೋಗಬಹುದು. ಬಿಟ್ಟರೆ ಅದು ನುಗ್ಗುವುದು ಕತ್ತಲಿರುವ ಕಡೆಗೆ, ಅಂದರೆ ಬ್ರೇಕ್ ಪೆಡಲಿನ ಕೆಳಗೆ. ರಸ್ತೆ ಬದಿ ಹುಲ್ಲಿನಲ್ಲಿ ಇಳಿಸಿ ಆಡಿಸುವುದೂ ಬೇಡ: ಬೀದಿನಾಯಿ, ಉಣ್ಣೆ, ಸಿಂಪಡಿಸಿದ ಕಳೆನಾಶಕ, ಮೂರೂ ಅಲ್ಲಿರುತ್ತವೆ. ಉಣ್ಣೆಯ ಮಾತು ಬಂತೆಂದು ಹೇಳುವುದು: ನಾಯಿಯ ಉಣ್ಣೆಗೆ ಹಾಕುವ ಫಿಪ್ರೊನಿಲ್ ಹನಿ ಮೊಲಕ್ಕೆ ವಿಷ.

ಪ್ರಶ್ನೆ: ಕಳೆದ ಸಲ ಹುಬ್ಬಳ್ಳಿಗೆ ಹೋಗಿ ಇಳಿದ ಮೇಲೆ ನಮ್ಮ ಮೊಲ ರಾತ್ರಿಯೆಲ್ಲ ಏನೂ ತಿನ್ನಲಿಲ್ಲ. ಬೆಳಗ್ಗೆ ತಾನೇ ಸರಿಹೋಯಿತು. ಎಷ್ಟು ಹೊತ್ತು ಕಾಯಬಹುದು?
— ಓದುಗರು, ರಾಜಾಜಿನಗರ

ಉತ್ತರ: ನಿಮ್ಮ ಅದೃಷ್ಟ. ಇಳಿದ ಮೇಲೆ ಗಲಾಟೆಯಿಲ್ಲದ ಕೋಣೆಯಲ್ಲಿ ಬುಟ್ಟಿಯ ಬಾಗಿಲು ತೆರೆದಿಟ್ಟು, ಮನೆಯಿಂದ ತಂದ ಹುಲ್ಲು, ನೀರು ಇಟ್ಟು ಹೊರಗೆ ಬನ್ನಿ. ನೆಂಟರ ಮಕ್ಕಳನ್ನು ಆ ಹೊತ್ತು ದೂರವಿಡಿ. ಒಂದೆರಡು ಗಂಟೆ ಮುದುರಿ ಕೂರುವುದು ಸಹಜ. ಆರು ಗಂಟೆಯಾದರೂ ಇಷ್ಟದ ಕೊತ್ತಂಬರಿಗೂ ಬಾಯಿ ಹಾಕದಿದ್ದರೆ ವೈದ್ಯರಿಗೆ ಫೋನ್ ಮಾಡಿ. ಹನ್ನೆರಡು ಗಂಟೆ ಹಿಕ್ಕೆ ಬೀಳದಿದ್ದರೆ ರಾತ್ರಿಯೆಂದು ನೋಡಬೇಡಿ, ಹೊರಡಿ.

ನಂಬಬೇಕಾದದ್ದು ಹಿಕ್ಕೆಯನ್ನೇ. ಚೆನ್ನಾಗಿದ್ದಾಗ ಕಡಲೆಕಾಳಿನ ಗಾತ್ರದ ದುಂಡು ಉಂಡೆ, ಬೆರಳಲ್ಲಿ ಒತ್ತಿದರೆ ಒಳಗೆ ಹುಲ್ಲಿನ ಪುಡಿ. ಕಾಳುಮೆಣಸಿನಷ್ಟು ಚಿಕ್ಕದಾಗಿ, ಕಪ್ಪಾಗಿ, ಸೊಟ್ಟಗೆ ಬೀಳತೊಡಗಿದರೆ ಕರುಳು ನಿಧಾನವಾಗಿದೆ ಎಂದರ್ಥ. ದ್ರಾಕ್ಷಿಗೊಂಚಲಿನಂತೆ ಅಂಟಿಕೊಂಡ ಮೆತ್ತನೆಯದು ಕಂಡರೆ ಅದು ಭೇದಿಯಲ್ಲ. ಮೊಲ ಮತ್ತೆ ತಿನ್ನಬೇಕಾದ ಹಿಕ್ಕೆ ಅದು, ಗಾಬರಿಯಲ್ಲಿ ಬಿಟ್ಟಿರುತ್ತದೆ. ಬೆನ್ನು ಗೂನಿಸಿ ಕೂತು ಹಲ್ಲು ಜೋರಾಗಿ ಕಟಕಟ ಕಡಿಯುತ್ತಿದ್ದರೆ ಅದು ನೋವು.

ಹೊಟ್ಟೆ ಡೋಲಿನಂತೆ ಬಿಗಿದಿದ್ದರೆ ಸಿರಿಂಜಿನಲ್ಲಿ ಏನನ್ನೂ ಕುಡಿಸಬೇಡಿ, ಕರುಳು ಕಟ್ಟಿಕೊಂಡಿರಬಹುದು. ವೈದ್ಯರು ಅದಕ್ಕೇ ಮೊದಲು ಎಕ್ಸ್‌ರೇ ನೋಡಿ, ಆಮೇಲೆ ಬೆಚ್ಚಗಿನ ಸಲೈನ್, ನೋವಿನ ಔಷಧ ಕೊಡುತ್ತಾರೆ. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಬಾಯಿಗೆ ಹಾಕಿದರೆ ಕರುಳಿನ ಒಳ್ಳೆಯ ಸೂಕ್ಷ್ಮಾಣುಗಳು ಸತ್ತು ಮೊಲವೂ ಸಾಯಬಹುದು.

ನಾಯಿ, ಬೆಕ್ಕು ಮಾತ್ರ ನೋಡುವ ಕ್ಲಿನಿಕ್ಕುಗಳೇ ಹೆಚ್ಚು. ಹೊರಡುವ ಮೊದಲೇ ತಲುಪುವ ಊರಿನಲ್ಲಿ ಮೊಲ ನೋಡುವವರು ಯಾರೆಂದು ಫೋನಿನಲ್ಲಿ ಕೇಳಿಟ್ಟುಕೊಳ್ಳಿ. ಪಶುವೈದ್ಯಕೀಯ ಕಾಲೇಜುಗಳು ಬೆಂಗಳೂರಿನ ಹೆಬ್ಬಾಳದಲ್ಲಲ್ಲದೆ ಹಾಸನ, ಶಿವಮೊಗ್ಗದಲ್ಲೂ ಇವೆ.

ಪ್ರಶ್ನೆ: ಏಸಿ ಕೆಟ್ಟರೆ?
— ಓದುಗರು, ಕೆಂಗೇರಿ

ಉತ್ತರ: ಅರ್ಧ ಲೀಟರಿನ ಎರಡು ಬಾಟಲಿ ನೀರನ್ನು ಹಿಂದಿನ ರಾತ್ರಿಯೇ ಫ್ರೀಜರಿನಲ್ಲಿ ಗಟ್ಟಿ ಮಾಡಿ, ಹಳೇ ಕಾಲುಚೀಲದೊಳಗೆ ತೂರಿಸಿ, ಒಂದನ್ನು ಬುಟ್ಟಿಯ ಒಂದೇ ಬದಿಗೆ ಇಡಿ. ಬೇಕೆನಿಸಿದರೆ ಮೊಲವೇ ಒರಗಿಕೊಳ್ಳುತ್ತದೆ, ಬೇಡವಾದರೆ ಸರಿದು ಕೂರುತ್ತದೆ. ಇನ್ನೊಂದು ಐಸ್ ಡಬ್ಬಿಯಲ್ಲಿರಲಿ. ಬುಟ್ಟಿಗೆ ಒದ್ದೆ ಬಟ್ಟೆ ಪೂರ್ತಿ ಹೊದಿಸಿದರೆ ಗಾಳಿಯಾಡದೆ ಒಳಗೆ ಇನ್ನೂ ಧಗೆ.

ಕಿವಿ ಕೆಂಪಾಗಿ ಸುಡುತ್ತಿದ್ದು, ತಲೆ ಹಿಂದಕ್ಕೆ ಹಾಕಿ ಬಾಯಿ ತೆರೆದು ಉಸಿರಾಡುತ್ತಿದ್ದರೆ ಅದು ಸೆಕೆಯ ಹೊಡೆತ. ನೆರಳಿಗೆ ತಂದು ಸಾದಾ ತಣ್ಣೀರಿನಲ್ಲಿ ಅದ್ದಿದ ಬಟ್ಟೆಯಿಂದ ಕಿವಿಗಳನ್ನು ಮತ್ತೆ ಮತ್ತೆ ಒರೆಸಿ. ಐಸ್ ನೀರಿನಲ್ಲಿ ಮುಳುಗಿಸಿದರೆ ಆಘಾತಕ್ಕೇ ಹೋಗಿಬಿಡುತ್ತದೆ. ಚೇತರಿಸಿಕೊಂಡಂತೆ ಕಂಡರೂ ವೈದ್ಯರಿಗೆ ತೋರಿಸಲೇಬೇಕು.

ಪ್ರಶ್ನೆ: ಬಿಸಿಲು ತಪ್ಪಿಸಲು ರಾತ್ರಿಯೇ ಊಟಿಗೆ ಹೊರಡೋಣವೆಂದಿದ್ದೇವೆ. ಎರಡು ಮೊಲಗಳಿವೆ, ಬೇರೆ ಬೇರೆ ಬುಟ್ಟಿ ಬೇಕೇ?
— ಓದುಗರು, ಜಯನಗರ

ಉತ್ತರ: ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂದ್. ಗೇಟಿನ ಮುಂದೆ ಸಾಲಿನಲ್ಲಿ ಕಾಯುವುದಕ್ಕಿಂತ ನಸುಕಿಗೆ ಹೊರಟು ಆರರ ಮೇಲೆ ಕಾಡು ದಾಟಿ. ಜತೆಯಲ್ಲೇ ಮಲಗಿ ಒಂದನ್ನೊಂದು ನೆಕ್ಕುವ ಜೋಡಿಯಾದರೆ ಒಂದೇ ದೊಡ್ಡ ಬುಟ್ಟಿ ಸಾಕು, ಗಾಬರಿ ಅರ್ಧ ಕಡಿಮೆ. ಆಗೀಗ ಜಗಳವಾಡುವವಾದರೆ ಬುಟ್ಟಿ ಎರಡಿರಲಿ, ಬಾಗಿಲುಗಳು ಎದುರುಬದುರಾಗಿರಲಿ.

ಪ್ರಶ್ನೆ: ಮೂರು ದಿನಕ್ಕಾಗುವಷ್ಟು ಹುಲ್ಲು, ನೀರು ಇಟ್ಟು ಮನೆಯಲ್ಲೇ ಬಿಟ್ಟು ಹೋದರೆ ಆಗಲ್ವಾ?
— 8ನೇ ತರಗತಿ ವಿದ್ಯಾರ್ಥಿನಿ, ಮಲ್ಲೇಶ್ವರ

ಉತ್ತರ: ಒಂಟಿಯಾಗಿ ಬಿಡಬೇಡಮ್ಮ, ಮೊದಲ ದಿನವೇ ಬಟ್ಟಲು ಮಗುಚಿದರೆ ಮೂರು ದಿನವೂ ನೀರಿಲ್ಲ. ಪಕ್ಕದ ಮನೆ ಆಂಟಿ ಬೆಳಗ್ಗೆ, ಸಂಜೆ ಎರಡು ಹೊತ್ತು ಬಂದು ಹುಲ್ಲು, ನೀರು, ಹಿಕ್ಕೆ ನೋಡುವುದಾದರೆ ಮನೆಯಲ್ಲಿರುವುದೇ ಮೊಲಕ್ಕೆ ಹೆಚ್ಚು ಹಿತ. ದಿನಕ್ಕೊಂದು ಹಿಕ್ಕೆಯ ಫೋಟೊ ವಾಟ್ಸ್‌ಆ್ಯಪ್ ಮಾಡಲು ಹೇಳು. ನಗುತ್ತಾರೆ, ಆದರೆ ಕಳಿಸುತ್ತಾರೆ.